ಅಪ್ಪನ ಎದೆಗೇ ಜೋಡಿಸಿದರೆ ಆಗುತ್ತಿರಲಿಲ್ಲವೇ?

ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಒಬ್ಬ ಹುಡುಗಿ ಪದೇ ಪದೇ ಕುಕ್ಕರುಗಾಲಿನಲ್ಲಿ ಕೂತುಬಿಡುತ್ತಿದ್ದಳು. ಅದು 1996ನೆಯ ಇಸವಿ. ನಾನು ನೌಕರಿಗೆ ಸೇರಿ ಎರಡು ವರ್ಷವಾಗಿತ್ತು. ಬೆಟಗೇರಿಯ ಒಂದು ಶಾಲೆಯಲ್ಲಿ ನಾಲ್ಕನೆಯ ತರಗತಿ ನನ್ನ ಪಾಲಿಗೆ ಬಂದಿತ್ತು. ಬಿ.ಎಡ್. ಮುಗಿಸಿದ ಬಿಸಿ ಇನ್ನೂ ಆರಿರಲಿಲ್ಲ ನೋಡಿ, ಶಿಸ್ತೆಂದರೆ ಶಿಸ್ತು. "ಪ್ರಾರ್ಥನೆ ಮುಗಿಯೂತನಕ ನಿಲ್ಲಾಕ ಬರೂದಿಲ್ಲೇನ ನಿನಗ?" ಎಂದು ಎಲ್ಲರೆದುರಿಗೆ ಗದರಿದೆ. ಅವಳು ಎದ್ದು ನಿಂತಳು. ತುಟಿಗಳು ನೇರಳೆ ಹಣ್ಣು ತಿಂದವರ ತುಟಿಯ ಹಾಗಿದ್ದವು. ಅದು ನೇರಳೆ ಹಣ್ಣಿನ ಕಾಲವೇ ಅಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮರುದಿನವೂ ಗದರಿದೆ.

ಅವಳ ಅಪ್ಪ ನೇಕಾರ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಬಾಗಿಲಲ್ಲೇ ನಿಂತು, "ಆಕಿ ಎದ್ಯಾಗ ತೂತೈತಂತ್ರಿ ಅಕ್ಕಾರ, ಹುಟ್ಟಿದಾಗಿಂದ" ಎಂದ. ಸಿಟ್ಟಿನಿಂದಲ್ಲ, ತಪ್ಪೊಪ್ಪಿಕೊಳ್ಳುವವನ ದನಿಯಲ್ಲಿ.

ಆ ರೋಗಕ್ಕೆ ಫ್ಯಾಲೊ ಎಂಬ ಫ್ರೆಂಚ್ ವೈದ್ಯನ ಹೆಸರಿದೆ ಎಂದು ಆಮೇಲೆ ತಿಳಿಯಿತು. ಹೃದಯದ ಎರಡು ಕೆಳಗೋಣೆಗಳ ನಡುವಿನ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಒಯ್ಯುವ ದಾರಿ ಕಿರಿದು, ಹೀಗೆ ನಾಲ್ಕು ದೋಷ ಒಟ್ಟಿಗೆ. ಕೆಟ್ಟ ರಕ್ತ ಶ್ವಾಸಕೋಶಕ್ಕೆ ಹೋಗದೆ ಹಾಗೆಯೇ ಮೈಗೆ ಹರಿಯುತ್ತದೆ, ಮಗು ನೀಲಿಗಟ್ಟುತ್ತದೆ. ಕುಕ್ಕರುಗಾಲಿನಲ್ಲಿ ಕೂತರೆ ತೊಡೆಯ ರಕ್ತನಾಳಗಳು ಒತ್ತಿಕೊಂಡು, ಮೈಕಡೆಯ ಹರಿವಿಗೆ ಅಡ್ಡಿಯಾಗಿ, ಅಷ್ಟು ರಕ್ತ ಶ್ವಾಸಕೋಶದ ಕಡೆ ತಿರುಗುತ್ತದೆ. ಯಾವ ಡಾಕ್ಟರೂ ಹೇಳಿಕೊಡದೆ ಆ ಮಕ್ಕಳು ತಾವೇ ಕಂಡುಕೊಂಡ ಔಷಧ ಅದು. ಅದನ್ನು ನಾನು ಶಿಸ್ತಿನ ಹೆಸರಿನಲ್ಲಿ ಕಸಿದುಕೊಳ್ಳುತ್ತಿದ್ದೆ.

ಮರುವರ್ಷ ಬೆಂಗಳೂರಿನಲ್ಲಿ ಅವಳಿಗೆ ಆಪರೇಷನ್ ಆಯಿತು. ಊರಿಗೆ ಮರಳಿದ ಮೇಲೆ ನೋಡಲು ಹೋದೆ. ಅಪ್ಪ ಮಗ್ಗದ ಕುಣಿಯಿಂದ ಎದ್ದು ಬಂದು ಒಂದೊಂದೇ ಹೇಳಿದ. "ಎರಡ ತಾಸಿನ ಮ್ಯಾಲ ಆಕಿ ಎದಿ ಬಡ್ಯೂದು ನಿಂತಿತ್ತಂತ್ರಿ. ಅಷ್ಟೊತ್ತೂ ಮಷೀನ ನೋಡ್ಕೊಂತಂತ." ಸ್ವಲ್ಪ ತಡೆದು, "ಮಷೀನ್ಯಾಕ, ನನ್ನ ಎದಿಗೇ ಜೋಡಿಸಿದ್ರ ಆಗ್ತಿದ್ದಿಲ್ಲೇನ್ರಿ ಅಂತ ಕೇಳಿದ್ನಿ. ಅಲ್ಲಿದ್ದವರೆಲ್ಲಾ ನಕ್ಕರು" ಎಂದ. ನಾನೂ ನಕ್ಕೆ. ಅವನ ಹೆಂಡತಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಅದು ನಗುವ ಮಾತಲ್ಲವೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಯಂತ್ರ ಕೈಗೆ ಬರುವ ಮೊದಲು ಮಕ್ಕಳನ್ನು ನಿಜವಾಗಿಯೂ ಅಪ್ಪನಿಗೆ, ಅವ್ವನಿಗೆ ಜೋಡಿಸಿದ್ದರು. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ, 1954ರಲ್ಲಿ.

ಹಾಗೆ ಮಾಡುವ ಪ್ರಸಂಗ ಯಾಕೆ ಬಂತೆಂದು ಸ್ವಲ್ಪ ಹಿಂದಿನಿಂದ ಹೇಳಬೇಕು. ಹೃದಯಕ್ಕೆ ಕೈ ಹಚ್ಚುವುದಕ್ಕೆ ವೈದ್ಯರು ಹೆದರುತ್ತಿದ್ದುದು ಕೈಚಳಕ ಇಲ್ಲದ್ದಕ್ಕಲ್ಲ. ಓಡುವ ಮಗ್ಗದಲ್ಲಿ ಹರಿದ ಎಳೆಗೆ ಗಂಟು ಹಾಕಬಹುದೇ? ಮಗ್ಗ ನಿಲ್ಲಿಸಬೇಕು. ಹೃದಯ ನಿಲ್ಲಿಸಿದರೆ ಮೂರು ನಾಲ್ಕು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಮೊದಮೊದಲು ಹೃದಯದ ಹೊರಗಿನ ಕೊಳವೆಗಳಲ್ಲೇ ಏನಾದರೂ ಮಾಡಬಹುದೇ ಎಂದು ನೋಡಿದರು. ಈ ದಾರಿ ಹುಡುಕಿದವರು ಒಬ್ಬ ಹೆಣ್ಣುಮಗಳು, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡಾ. ಹೆಲೆನ್ ಟೌಸಿಗ್. ಆಕೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸ್ಟೆತಾಸ್ಕೋಪಿನ ಸದ್ದಿಗಿಂತ ಹೆಚ್ಚಾಗಿ, ಮಕ್ಕಳ ಎದೆಯ ಮೇಲೆ ಬೆರಳಿಟ್ಟು ಮಿಡಿತ ಓದುತ್ತಿದ್ದರು. ತೋಳಿಗೆ ಹೋಗುವ ಒಂದು ರಕ್ತನಾಳವನ್ನು ಶ್ವಾಸಕೋಶದ ನಾಳಕ್ಕೆ ತಿರುಗಿಸಿ ಹೊಲಿದರೆ ನೀಲಿ ಮಕ್ಕಳು ಉಸಿರಾಡಿಯಾವು ಎಂಬ ದಿಕ್ಕಿನ ಯೋಚನೆ ಅವರದು. 1944ರ ನವೆಂಬರ್ 29ರಂದು ಡಾ. ಬ್ಲೇಲಾಕ್ ಹಾಗೆ ಹೊಲಿದರು. ಅವರ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಂತು, ಹೀಗಲ್ಲ ಹಾಗೆ ಎಂದು ಹೇಳಿಕೊಟ್ಟವರು ವಿವಿಯನ್ ಥಾಮಸ್. ಕಪ್ಪು ಜನಾಂಗದವರು, ವೈದ್ಯಕೀಯ ಪದವಿ ಇಲ್ಲದವರು. ನಾಯಿಗಳ ಮೇಲೆ ಆ ಹೊಲಿಗೆಯನ್ನು ಸಾಧಿಸಿ ತೋರಿಸಿದ ಕೈ ಅವರದೇ ಆಗಿತ್ತು. ಆದರೂ ಇದು ಸುತ್ತುದಾರಿ. ತೂತು ಒಳಗೆ ಹಾಗೇ ಉಳಿಯುತ್ತಿತ್ತು.

ಒಳಗೆ ಹೋಗಲು ಯಂತ್ರವೇ ಬೇಕೆಂದು ಹಟ ಹಿಡಿದವರು ಜಾನ್ ಗಿಬ್ಬನ್. 1930ರ ಸುಮಾರಿಗೆ ಬಾಸ್ಟನ್ನಿನಲ್ಲಿ ಎಳೆಯ ವೈದ್ಯರಾಗಿದ್ದಾಗ, ಶ್ವಾಸಕೋಶದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಸಾಯುತ್ತಿದ್ದ ಒಬ್ಬ ಹೆಂಗಸಿನ ಪಕ್ಕದಲ್ಲಿ ರಾತ್ರಿಯಿಡೀ ಕೂತಿದ್ದರು. ಆಕೆಯ ರಕ್ತವನ್ನು ಹೊರಗೆ ತೆಗೆದು, ಆಮ್ಲಜನಕ ಕೂಡಿಸಿ, ಮತ್ತೆ ಒಳಗೆ ಬಿಡುವ ಹಾಗಿದ್ದರೆ ಎಂದು ಹೊಳೆದದ್ದು ಆಗ. ಆಕೆ ಉಳಿಯಲಿಲ್ಲ. ಯೋಚನೆ ಉಳಿಯಿತು, 23 ವರ್ಷ.

ಚರಿತ್ರೆ ಹೇಳುವವರು 'ಗಿಬ್ಬನ್ ಯಂತ್ರ' ಎಂದು ಹೇಳಿ ಮುಂದೆ ಹೋಗುತ್ತಾರೆ. ಆದರೆ ಅದೇ ಪ್ರಯೋಗಶಾಲೆಯಲ್ಲಿ ಮೇರಿ ಹಾಪ್ಕಿನ್ಸನ್ ಎಂಬ ತಂತ್ರಜ್ಞೆ ಇದ್ದರು. 1931ರಲ್ಲಿ ಗಿಬ್ಬನ್ನರನ್ನು ಮದುವೆಯಾದರು. ಎಲ್ಲರೂ ಕರೆಯುತ್ತಿದ್ದದ್ದು ಮಾಲಿ ಎಂದು. ಗಂಡ ಹೆಂಡತಿ ಕೂಡಿಯೇ ಆ ಯಂತ್ರ ಕಟ್ಟಿದರು. ಪ್ರಯೋಗಕ್ಕೆ ಬೆಕ್ಕು ಸಾಲದಾದಾಗ ಗಿಬ್ಬನ್ ರಾತ್ರಿ ಮೀನಿನ ತುಣುಕು ಮತ್ತು ಗೋಣಿಚೀಲ ಹಿಡಿದು ಬಾಸ್ಟನ್ನಿನ ಬೀದಿಗಳಲ್ಲಿ ಬೆಕ್ಕು ಹಿಡಿಯುತ್ತಿದ್ದರಂತೆ. 1935ರಲ್ಲಿ ಒಂದು ಬೆಕ್ಕಿನ ಶ್ವಾಸಕೋಶದ ನಾಳವನ್ನು ಪೂರ್ತಿ ಬಿಗಿದು ಮುಚ್ಚಿದರೂ ಅದರ ರಕ್ತದೊತ್ತಡ ಇಳಿಯದೆ ನಿಂತಾಗ, ಇಬ್ಬರೂ ತಬ್ಬಿಕೊಂಡು ಪ್ರಯೋಗಶಾಲೆಯಲ್ಲೇ ಕುಣಿದರಂತೆ. ಗಂಡ ಹೆಂಡತಿ ಒಂದು ಬೆಕ್ಕು ಬದುಕಿತೆಂದು ಕುಣಿಯುವ ಈ ಚಿತ್ರ ನನಗೆ ಬಹಳ ಇಷ್ಟ. ಮಾಲಿಯ ಹೆಸರು ಪಠ್ಯಪುಸ್ತಕದಲ್ಲಿ ಬರುವುದಿಲ್ಲ ಎಂಬುದು ಬೇರೆ ಮಾತು. ಯಾರ ಮನೆಯಲ್ಲಿ ಬರುತ್ತದೆ ಹೇಳಿ!

ನಡುವೆ ಮಹಾಯುದ್ಧ ಬಂತು, ಗಿಬ್ಬನ್ ಸೈನ್ಯಕ್ಕೆ ಹೋಗಿಬಂದರು. ಆಮೇಲೆ ಐಬಿಎಂ ಕಂಪನಿಯ ಎಂಜಿನಿಯರುಗಳ ಸಹಾಯ ಸಿಕ್ಕಿ ಯಂತ್ರ ದೊಡ್ಡದಾಯಿತು. ತೆಳುವಾದ ಉಕ್ಕಿನ ಜಾಲರಿಗಳ ಮೇಲೆ ರಕ್ತ ಪೊರೆಯಂತೆ ಇಳಿಯುವಾಗ ಆಮ್ಲಜನಕ ಕುಡಿಯುವ ವ್ಯವಸ್ಥೆ. 1952ರಲ್ಲಿ ಮೊದಲು ಈ ಯಂತ್ರದ ಆಸರೆಗೆ ಬಂದದ್ದು 15 ತಿಂಗಳ ಹೆಣ್ಣುಕೂಸು. ಒಳಗೆ ತೂತು ಇದೆಯೆಂದು ತೆರೆದರೆ ತೂತು ಇರಲಿಲ್ಲ, ದೋಷ ಹೃದಯದ ಹೊರಗಿನ ನಾಳದಲ್ಲಿತ್ತು. ಕೂಸು ಹೋಯಿತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಒಬ್ಬ ಕಾಲೇಜು ಹುಡುಗಿಯ ಹೃದಯದ ತೂತು ಹೊಲಿಯುವಾಗ 26 ನಿಮಿಷ ಯಂತ್ರವೇ ಅವಳ ಹೃದಯವೂ ಶ್ವಾಸಕೋಶವೂ ಆಯಿತು. ಅವಳು ಬದುಕಿದಳು. ಜಗತ್ತಿನಲ್ಲೇ ಮೊದಲು. ಆದರೆ ಜುಲೈಯಲ್ಲಿ ಐದೈದು ವರ್ಷದ ಇಬ್ಬರು ಹುಡುಗಿಯರು ತೀರಿಕೊಂಡರು. ಗಿಬ್ಬನ್ ಯಂತ್ರ ನಿಲ್ಲಿಸಿದರು, ತಾವು ಮತ್ತೆಂದೂ ಆ ಯಂತ್ರದಿಂದ ಆಪರೇಷನ್ ಮಾಡಲಿಲ್ಲ. 23 ವರ್ಷ ಕಟ್ಟಿದ್ದನ್ನು ಗೆದ್ದ ವರ್ಷವೇ ಬಿಟ್ಟುಕೊಟ್ಟ ಆ ಮನುಷ್ಯನನ್ನು ಕೆಲವರು ಮೆತ್ತನೆಯವನೆನ್ನುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಆ ಹುಡುಗಿಯರ ತಾಯಂದಿರ ಮುಖ ನೋಡಿದವರು ಅವರು.

ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಉಪಾಯವೂ ನಡೆದಿತ್ತು. ಮೈಯನ್ನೇ ತಂಪು ಮಾಡಿದರೆ ಮೆದುಳು ಇನ್ನೆರಡು ನಿಮಿಷ ಹೆಚ್ಚು ತಾಳುತ್ತದೆ. 1952ರ ಸೆಪ್ಟೆಂಬರಿನಲ್ಲಿ ಅಲ್ಲಿ ಐದು ವರ್ಷದ ಹುಡುಗಿಯೊಬ್ಬಳ ಹೃದಯದ ಮೇಲಿನ ಕೋಣೆಯ ತೂತನ್ನು ಹಾಗೆ ಮುಚ್ಚಿದ್ದರು. ಆದರೆ ಕೆಳಗಿನ ಕೋಣೆಯ ತೂತಿಗೆ, ನಮ್ಮ ಹುಡುಗಿಗಿದ್ದಂಥ ದೋಷಕ್ಕೆ, ಆರೇಳು ನಿಮಿಷ ಸಾಲದು.

ಅದೇ ವಿಶ್ವವಿದ್ಯಾಲಯದ ಡಾ. ವಾಲ್ಟನ್ ಲಿಲ್ಲಿಹೈಗೆ ಆಗ 35 ವರ್ಷ. ನಾಲ್ಕು ವರ್ಷದ ಹಿಂದೆ ತನಗೇ ಕ್ಯಾನ್ಸರ್ ಆಗಿ ಕುತ್ತಿಗೆಯಲ್ಲಿ ದೊಡ್ಡ ಆಪರೇಷನ್ ಮಾಡಿಸಿಕೊಂಡಿದ್ದವರು. ಅವರೂ ಅವರ ಕಿರಿಯರೂ ಯೋಚಿಸಿದ್ದು ನಮ್ಮಂಥ ಹೆಂಗಸರಿಗೆ ಗೊತ್ತಿರುವ ಸಂಗತಿಯನ್ನೇ. ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದರ ಶ್ವಾಸಕೋಶ ಇನ್ನೂ ಬಿಚ್ಚಿರುವುದಿಲ್ಲ. ಆದರೂ ಒಂಬತ್ತು ತಿಂಗಳು ಬದುಕುತ್ತದೆ, ಯಾಕೆಂದರೆ ತಾಯಿಯ ಉಸಿರು ಹೊಕ್ಕುಳಬಳ್ಳಿಯಿಂದ ಬರುತ್ತದೆ. ಹಾಗಾದರೆ ಹುಟ್ಟಿದ ಮಗುವನ್ನು ಅರ್ಧ ತಾಸಿನ ಮಟ್ಟಿಗೆ ಇನ್ನೊಬ್ಬರ ಮೈಗೆ ಜೋಡಿಸಿದರೆ? ನಾಯಿಗಳ ಮೇಲೆ ಮಾಡಿ ನೋಡಿದರು. ನಾಯಿಗಳು ಬದುಕಿದವು, ಅದೂ ಎಲ್ಲರೂ ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಕಡಿಮೆ ರಕ್ತದ ಹರಿವಿನಲ್ಲಿ.

ಆಸ್ಪತ್ರೆಯೊಳಗೇ ವಿರೋಧ ಎದ್ದಿತು. ರೋಗಿಯ ಜೊತೆ ಆರೋಗ್ಯವಂತನನ್ನೂ ಮೇಜಿನ ಮೇಲೆ ಮಲಗಿಸುವುದೆಂದರೇನು? ನೂರಕ್ಕೆ ಇನ್ನೂರು ಸಾವು ತರಬಲ್ಲ ಮೊದಲ ಆಪರೇಷನ್ ಇದು ಎಂದು ಕುಹಕವಾಡಿದರು. ಶಸ್ತ್ರಚಿಕಿತ್ಸೆ ವಿಭಾಗದ ಮುಖ್ಯಸ್ಥ ವಾಂಗನ್‌ಸ್ಟೀನ್ ಮಾತ್ರ ಮುಂದುವರಿಯಲು ಒಪ್ಪಿಗೆ ಕೊಟ್ಟರು.

1954ರ ಮಾರ್ಚ್ 26. ಗ್ರೆಗರಿ ಗ್ಲಿಡ್ಡನ್ ಎಂಬ ಒಂದು ವರ್ಷ ದಾಟಿದ ಗಂಡುಮಗು. ಅದರ ಅಕ್ಕ ಇದೇ ದೋಷದಿಂದ 1950ರಲ್ಲಿ ತೀರಿಕೊಂಡಿದ್ದಳು. ಒಂದು ಮೇಜಿನ ಮೇಲೆ ಮಗು, ಕೆಲವೇ ಅಡಿ ಆಚೆ ಇನ್ನೊಂದು ಮೇಜಿನ ಮೇಲೆ ಅದರ ಅಪ್ಪ. ರಕ್ತದ ಗುಂಪು ಕೂಡಿಬಂದದ್ದು ಅಪ್ಪನದು. ಅವನಿಗೂ ಅರಿವಳಿಕೆ ಕೊಟ್ಟು ತೊಡೆಸಂದಿಯಲ್ಲಿ ರಕ್ತನಾಳಗಳನ್ನು ಬಿಡಿಸಿದ್ದರು. ಮಗುವಿನ ಕೆಟ್ಟ ರಕ್ತ ಒಂದು ಪ್ಲಾಸ್ಟಿಕ್ ನಳಿಕೆಯಿಂದ ಅಪ್ಪನ ತೊಡೆಯ ನಾಳಕ್ಕೆ, ಅಲ್ಲಿಂದ ಅವನ ಹೃದಯ, ಅವನ ಶ್ವಾಸಕೋಶ. ಶುದ್ಧವಾದ ರಕ್ತ ಇನ್ನೊಂದು ನಳಿಕೆಯಿಂದ ಮರಳಿ ಮಗುವಿಗೆ. ಎರಡೂ ಕಡೆ ಹರಿವು ಸರಿಸಮ ಇರಬೇಕು. ಒಂದಿಷ್ಟು ಏರುಪೇರಾದರೆ ಒಬ್ಬರಲ್ಲಿ ರಕ್ತ ತುಂಬಿ ಇನ್ನೊಬ್ಬರಲ್ಲಿ ಬತ್ತುತ್ತದೆ. ಅದಕ್ಕೆ ಬಳಸಿದ ಪಂಪು ಹಾಲಿನ ಡೈರಿಯಂಥ ಕಡೆ ಬಳಸುತ್ತಿದ್ದ ಜಾತಿಯದು. ನಳಿಕೆಯನ್ನು ಹೊರಗಿನಿಂದ ಬೆರಳಿನಂತೆ ಸಾಲಾಗಿ ಒತ್ತಿ ಒತ್ತಿ ಮುಂದೆ ತಳ್ಳುವುದು. ಒಳಗಿನ ರಕ್ತಕ್ಕೆ ಪಂಪು ತಾಗುವುದೇ ಇಲ್ಲ.

ತೂತು ಹೊಲಿದರು. ಮಗುವಿನ ಹೃದಯ ತನ್ನ ಕೆಲಸ ತಾನು ಮಾಡತೊಡಗಿತು. ಅಪ್ಪ ಎಚ್ಚರಾದ.

ಹನ್ನೊಂದನೆಯ ದಿನ, ಏಪ್ರಿಲ್ 6ರಂದು, ಗ್ರೆಗರಿ ನ್ಯುಮೋನಿಯಾದಿಂದ ಹೋಯಿತು. ಪರೀಕ್ಷಿಸಿ ನೋಡಿದರೆ ಹೊಲಿಗೆ ಬಿಟ್ಟಿರಲಿಲ್ಲ, ತೂತು ಮುಚ್ಚಿಯೇ ಇತ್ತು. ಆ ತಾಯಿಗೆ ಇದರಿಂದ ಸಮಾಧಾನವಾಯಿತೋ ಸಂಕಟ ಹೆಚ್ಚಿತೋ ಹೇಗೆ ಹೇಳುವುದು?

ಲಿಲ್ಲಿಹೈ ನಿಲ್ಲಿಸಲಿಲ್ಲ. ಅದೇ ಏಪ್ರಿಲಿನಲ್ಲಿ ಮತ್ತಿಬ್ಬರು ಮಕ್ಕಳನ್ನು ಹೀಗೇ ಜೋಡಿಸಿ ಹೊಲಿದರು. ಇಬ್ಬರೂ ನಡೆದುಕೊಂಡು ಮನೆಗೆ ಹೋದರು. ಆಗಸ್ಟ್ 31ರಂದು ಫ್ಯಾಲೊ ದೋಷದ ಹತ್ತು ವರ್ಷದ ಹುಡುಗನ ಸರದಿ. ಅವನ ರಕ್ತದ ಗುಂಪು ಎಬಿ ನೆಗೆಟಿವ್, ತಂದೆತಾಯಿಯದು ಕೂಡಲಿಲ್ಲ. ರಸ್ತೆ ಇಲಾಖೆಯ ಕೆಲಸಗಾರನೊಬ್ಬ, ಆ ಮನೆಯವರ ನೆಂಟನೂ ಅಲ್ಲ ಪರಿಚಯದವನೂ ಅಲ್ಲ, ಬಂದು ಮಲಗಿದ. ರಕ್ತ ಕೊಡುವುದು ಬೇರೆ, ತನ್ನ ಹೃದಯವನ್ನು ಅಪರಿಚಿತನ ಮಗನಿಗೆ ಕಡ ಕೊಡುವುದು ಬೇರೆ. ಹುಡುಗ ಉಳಿದ. ಫ್ಯಾಲೊ ದೋಷವನ್ನು ಹೃದಯದ ಒಳಗೇ ಹೋಗಿ ಸರಿಪಡಿಸಿದ್ದು ಅದೇ ಮೊದಲು.

1955ರ ಜುಲೈವರೆಗೆ 45 ಆಪರೇಷನ್ ಆದವು. 28 ಮಂದಿ ಮನೆಗೆ ಮರಳಿದರು. ಅವರಲ್ಲಿ 22 ಜನ ಮೂವತ್ತು ವರ್ಷ ಕಳೆದ ಮೇಲೂ ಬದುಕಿದ್ದರು. ಮಲಗಿದ ತಂದೆತಾಯಂದಿರಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ ಒಬ್ಬ ತಾಯಿಗೆ, 1954ರ ಅಕ್ಟೋಬರಿನಲ್ಲಿ, ಸಲೈನ್ ಬಾಟಲಿಯ ಕಡೆಯಿಂದ ಗಾಳಿ ನಾಳಕ್ಕೆ ಸೇರಿ ಮೆದುಳಿಗೆ ಪೆಟ್ಟಾಯಿತು. ಜೀವ ಉಳಿಯಿತು, ಆಕೆ ಮೊದಲಿನಂತಾಗಲಿಲ್ಲ. ವಿರೋಧಿಸಿದವರು ಬರೀ ಹೊಟ್ಟೆಕಿಚ್ಚಿನವರಲ್ಲ ಎಂಬುದಕ್ಕೆ ಆಕೆಯೊಬ್ಬರು ಸಾಕು. ನಾನು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ, ನನ್ನ ಮಗಳಿಗಾಗಿ ಆ ಮೇಜಿನ ಮೇಲೆ ಮಲಗುತ್ತಿದ್ದೆನೇ ಎಂದು. ಮಲಗುತ್ತಿದ್ದೆ. ಕೇಳಿದ ತಕ್ಷಣ ಮಲಗುತ್ತಿದ್ದೆ. ಅದಕ್ಕೇ ತಾಯಿಯನ್ನು ಕೇಳುವುದು ಅಷ್ಟು ಸರಿಯಲ್ಲವೇನೋ. ಇಲ್ಲವೆನ್ನಲು ಅವಳಿಗೆ ಬರುವುದಿಲ್ಲ.

ಆದ್ದರಿಂದ ಯಂತ್ರ ಬೇಕೇ ಬೇಕಿತ್ತು. ಮಿನಿಯಾಪೊಲಿಸ್ಸಿನಿಂದ ಹೆಚ್ಚು ದೂರವಿಲ್ಲದ ರೋಚೆಸ್ಟರಿನ ಮೇಯೊ ಕ್ಲಿನಿಕ್ಕಿನಲ್ಲಿ ಜಾನ್ ಕಿರ್ಕ್ಲಿನ್ 1955ರ ಮಾರ್ಚಿನಲ್ಲಿ ಗಿಬ್ಬನ್ ಯಂತ್ರವನ್ನೇ ತಿದ್ದಿ ಬಳಸಿದರು. ಮೊದಲ ಎಂಟು ರೋಗಿಗಳಲ್ಲಿ ನಾಲ್ವರು ಉಳಿದರು. ಆ ಯಂತ್ರ ಬಲು ದುಬಾರಿ, ಬಲು ತೊಡಕಿನದು. ಲಿಲ್ಲಿಹೈ ತಮ್ಮ ಕೈಕೆಳಗಿನ ರಿಚರ್ಡ್ ಡಿವಾಲ್ ಎಂಬ ಎಳೆಯ ವೈದ್ಯನಿಗೆ, ಹಳೆಯದೇನನ್ನೂ ಓದಬೇಡ, ಗ್ರಂಥಾಲಯದ ಕಡೆ ಹೋಗಲೇಬೇಡ, ಹೊಸದಾಗಿ ಯೋಚಿಸು ಎಂದರಂತೆ. ಓದು ಓದು ಎಂದು ಮಕ್ಕಳ ಬೆನ್ನು ಹತ್ತುವ ನನಗೆ ಇದು ನುಂಗಲಾರದ ತುತ್ತು!

ಡಿವಾಲ್ ಮಾಡಿದ್ದು ನಮ್ಮ ಅಡುಗೆಮನೆಗೆ ಹತ್ತಿರದ ಕೆಲಸ. ನೆಟ್ಟಗೆ ನಿಲ್ಲಿಸಿದ ಪ್ಲಾಸ್ಟಿಕ್ ಕೊಳವೆಯಲ್ಲಿ ರಕ್ತ ಬಿಟ್ಟು ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳನ್ನು ಹಾಯಿಸಿದರು. ಗುಳ್ಳೆಯಿಂದ ರಕ್ತಕ್ಕೆ ಉಸಿರು ಸಿಕ್ಕಿತು. ಆದರೆ ನೊರೆ? ಒಂದು ಗುಳ್ಳೆ ಮಗುವಿನ ಮೆದುಳಿಗೆ ಹೋದರೂ ಮುಗಿಯಿತು. ಬೇಳೆ ಕುದಿಯುವಾಗ ನೊರೆ ಉಕ್ಕದಿರಲಿ ಎಂದು ನಾವು ಒಂದು ಹನಿ ಎಣ್ಣೆ ಬಿಡುತ್ತೇವಲ್ಲ, ಹಾಗೆ ಅವರು ನೊರೆ ಒಡೆಯುವ ಸಿಲಿಕೋನನ್ನು ಒಳಗೆ ಸವರಿದರು. ಆಮೇಲೆ ರಕ್ತವನ್ನು ಸುರುಳಿ ಸುತ್ತಿದ ಕೊಳವೆಯಲ್ಲಿ ಇಳಿಬಿಟ್ಟರು. ಗುಳ್ಳೆಯಿಲ್ಲದ ರಕ್ತ ಭಾರ, ಅದು ತಳಕ್ಕೆ ಹೋಗುತ್ತದೆ. ಗುಳ್ಳೆ ಇರುವುದು ಮೇಲೆಯೇ ಉಳಿಯುತ್ತದೆ. 1955ರಿಂದ ಅಗ್ಗದ ಆ ಸುರುಳಿ ಕೊಳವೆ ಅಪ್ಪಂದಿರನ್ನು ಮೇಜಿನಿಂದ ಇಳಿಸಿತು. ದೊಡ್ಡ ಕಾರ್ಖಾನೆಯ ನೆರವಿಲ್ಲದ ಆಸ್ಪತ್ರೆಗಳೂ ಹೃದಯ ತೆರೆಯುವ ಧೈರ್ಯ ಮಾಡಿದ್ದು ಇದರಿಂದ. ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1961ರಷ್ಟು ಹಿಂದೆಯೇ ತೆರೆದ ಹೃದಯದ ಆಪರೇಷನ್ ನಡೆದಿತ್ತು. ಐಡಾ ಸ್ಕಡರ್ ಎಂಬ ಹೆಣ್ಣುಮಗಳು ಹೆಂಗಸರಿಗಾಗಿ ಶುರುಮಾಡಿದ ಆಸ್ಪತ್ರೆಯಿಂದ ಬೆಳೆದ ಜಾಗ ಅದು.

ಇದೆಲ್ಲ ಆಪರೇಷನ್ ನಡೆಯುವಷ್ಟು ಹೊತ್ತಿನ ಮಾತು. ಆಪರೇಷನ್ ಮುಗಿದರೂ ದಣಿದ ಹೃದಯ ಎದ್ದೇಳದಿದ್ದರೆ? ಗುಳ್ಳೆಯ ಯಂತ್ರವನ್ನು ಕೆಲವು ತಾಸಿಗಿಂತ ಹೆಚ್ಚು ನಡೆಸಿದರೆ ರಕ್ತವೇ ಕೆಡುತ್ತಿತ್ತು. ರಕ್ತಕ್ಕೂ ಆಮ್ಲಜನಕಕ್ಕೂ ನಡುವೆ ತೆಳ್ಳನೆಯ ಪೊರೆ ಇಟ್ಟ ಮೇಲೆ ದಿನಗಟ್ಟಲೆ ನಡೆಸಲು ಬಂತು. 1972ರಲ್ಲಿ ಅಮೆರಿಕದ ರಾಬರ್ಟ್ ಬಾರ್ಟ್ಲೆಟ್, ಹುಟ್ಟು ಹೃದಯದೋಷದ ಆಪರೇಷನ್ ಆದ ಎರಡು ವರ್ಷದ ಗಂಡುಮಗುವನ್ನು 36 ತಾಸು ಹಾಗೆ ಹಿಡಿದಿಟ್ಟರು. ಹೃದಯ ವಿಶ್ರಾಂತಿ ಪಡೆದು ಎದ್ದಿತು. 1975ರಲ್ಲಿ, ಹುಟ್ಟಿದ ಕೂಡಲೇ ಶ್ವಾಸಕೋಶ ಕೈಕೊಟ್ಟ ಒಂದು ಅನಾಥ ಹೆಣ್ಣುಶಿಶುವನ್ನು ಇದೇ ಯಂತ್ರದಿಂದ ಉಳಿಸಿದರು. ನರ್ಸುಗಳು ಅದಕ್ಕೆ ಇಟ್ಟ ಹೆಸರು ಎಸ್ಪೆರಾಂಜಾ, ಸ್ಪ್ಯಾನಿಷ್ ಭಾಷೆಯಲ್ಲಿ ಆಶಾ ಎಂದರ್ಥ. ಎಕ್ಮೋ ಎಂದು ಈಗ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು ಇದೇ.

ತಿಂಗಳುಗಟ್ಟಲೆ ಕಾಯಬೇಕಾದ ಮಕ್ಕಳಿಗೆ, ಎಂದರೆ ಇನ್ನೊಂದು ಮಗುವಿನ ಹೃದಯ ದಾನವಾಗಿ ಸಿಗುವವರೆಗೆ, ಬರ್ಲಿನ್ನಿನ ವೈದ್ಯರು 1990ರಲ್ಲಿ ಪುಟ್ಟ ಪಂಪನ್ನು ಬಳಕೆಗೆ ತಂದರು. ಬರ್ಲಿನ್ ಹಾರ್ಟ್ ಎಂದೇ ಹೆಸರು. ಅತಿ ಸಣ್ಣದು ಒಂದು ಬಡಿತಕ್ಕೆ 10 ಮಿಲಿಲೀಟರ್ ರಕ್ತ ತಳ್ಳುತ್ತದೆ, ನಾವು ಮಕ್ಕಳಿಗೆ ಔಷಧಿ ಕುಡಿಸುವ ಎರಡು ಚಮಚೆಯಷ್ಟು. ಪಂಪು ಹೊಟ್ಟೆಯ ಹೊರಗೆ ಇರುತ್ತದೆ, ಮೈಯೆಲ್ಲ ಪಾರದರ್ಶಕ. ಎಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯೇ ಎಂದು ನರ್ಸು ಟಾರ್ಚು ಹಿಡಿದು ನೋಡಬಹುದು. ಗಾಲಿಯ ಮೇಲಿನ ಯಂತ್ರವನ್ನು ದೂಡಿಕೊಂಡು ಮಗು ಆಸ್ಪತ್ರೆಯ ಪಡಸಾಲೆಯಲ್ಲಿ ನಡೆದಾಡಬಹುದು, ಆಡಬಹುದು. ಅಮೆರಿಕ ಸರಕಾರ ಇದನ್ನು 2011ರ ಡಿಸೆಂಬರಿನಲ್ಲಿ ಒಪ್ಪಿತು. ಒಪ್ಪುವ ಮೊದಲು 48 ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ ಹೆಚ್ಚಿನವರು ಕಸಿಯವರೆಗೆ ಬದುಕಿದರು. ಆದರೆ ನೂರಕ್ಕೆ 29ರಷ್ಟು ಮಕ್ಕಳಿಗೆ ಮೆದುಳಿನ ಲಕ್ವ ತಗುಲಿತು. ಒಂದೇ ಕೆಳಗೋಣೆಯಿಂದ ಹುಟ್ಟಿದ ಮಕ್ಕಳಲ್ಲಂತೂ ಈ ಪಂಪಿನ ಯಶಸ್ಸು ಬಹಳ ಕಡಿಮೆ. ತಾಯಿ ಹೆರುವ ಬೋರೆಹಣ್ಣಿನಷ್ಟು ಹೃದಯಕ್ಕೆ ಸಮನಾದದ್ದು ಇನ್ನೂ ಯಾರ ಕೈಯಲ್ಲೂ ಆಗಿಲ್ಲ.

ಸಾವಿರ ಕೂಸುಗಳಲ್ಲಿ ಎಂಟೊಂಬತ್ತು ಹೀಗೆ ಹೃದಯದ ದೋಷದೊಂದಿಗೆ ಹುಟ್ಟುತ್ತವೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದ ಮೇಲೆ ಡಾಕ್ಟರರ ತಂಡ ಸರಕಾರಿ ಶಾಲೆಗೂ ಅಂಗನವಾಡಿಗೂ ಬಂದು ಮಕ್ಕಳ ಎದೆ ಪರೀಕ್ಷಿಸುತ್ತದೆ. ಅವರು ಬಂದ ದಿನ ನಾನೇ ಮುಂದೆ ನಿಂತು ಸಾಲು ಹಚ್ಚುತ್ತೇನೆ. ಯಾರಾದರೂ ಕುಕ್ಕರುಗಾಲಿನಲ್ಲಿ ಕೂತರೆ ಮೊದಲು ತುಟಿ ನೋಡುತ್ತೇನೆ.

ಆ ಹುಡುಗಿ ಈಗ ಹುಬ್ಬಳ್ಳಿಯಲ್ಲಿದ್ದಾಳೆ. ವರ್ಷಕ್ಕೊಮ್ಮೆ ಡಾಕ್ಟರಿಗೆ ಎದೆ ತೋರಿಸಿ ಬರುತ್ತಾಳೆ. ಹೋದ ವರ್ಷ ಬೆಟಗೇರಿಗೆ ಹೋದಾಗ ಅವಳ ಅಪ್ಪನಿಗೆ ಗ್ರೆಗರಿಯ ಕಥೆ ಹೇಳಿದೆ. ಅಂದು ನೀವು ಕೇಳಿದ್ದು ನಗುವ ಮಾತಾಗಿರಲಿಲ್ಲ, ನಾವು ನಕ್ಕದ್ದೇ ತಪ್ಪು ಎಂದೆ. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ಅಪ್ಪ ಉಳದನೇನ್ರಿ?"

"ಉಳದ್ರು."

"ಕೂಸು?"

ಹನ್ನೊಂದನೆಯ ದಿನ ಹೋಯಿತೆಂದೆ. ಅವನು ಬಹಳ ಹೊತ್ತು ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಆಮೇಲೆ, "ಮುಂದಿನ ಮಕ್ಕಳಿಗೂ ಅಪ್ಪಗೋಳು ಬಂದ್ರೇನ್ರಿ, ಇದನ್ನ ಕೇಳಿ ಆದ ಮ್ಯಾಲೂ?" ಎಂದು ಕೇಳಿದ.

ಬಂದರು ಎಂದೆ.